ಒಗೆಯುವ ಕಲ್ಲಿನ ಪಕ್ಕದ ಸಸಿ

ಪಾಂಡವಪುರದ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಒತ್ತಿಕೊಂಡು ಕಳೆದ ಮಳೆಗಾಲ ಒಂದು ಸಸಿ ಎದ್ದಿತು. ನೆಟ್ಟವರು ಯಾರೂ ಇಲ್ಲ. ಗೇಣುದ್ದವಾಗುವ ಹೊತ್ತಿಗೆ ಎಲೆಗಳಲ್ಲಿ ಸೀಳು ಕಾಣಿಸಿತು, ಚಿವುಟಿದರೆ ಬಿಳಿ ಹಾಲು. ಪರಂಗಿ ಇರಬೇಕು ಅಂದುಕೊಂಡೆ. ಆದರೆ ಪರಂಗಿಯ ಎಲೆ ನುಣುಪು, ತೊಟ್ಟು ಟೊಳ್ಳು. ಇದರದು ಒರಟು ಎಲೆ, ಅಂಚಿಗೆ ಗರಗಸದ ಹಲ್ಲು, ಬುಡದಿಂದಲೇ ಮೂರು ನರ.

ಗುಮಾನಿ ಅತ್ತಿಯ ಕುಲದತ್ತ ಹೋಯಿತು. ನಮ್ಮ ಸೀಮೆಗೆ ಈ ಹಾಲಿನ ಮರಗಳ ನಂಟು ಹಳೆಯದು. ಕೆ.ಆರ್. ಪೇಟೆಯ ಹಿಂದಿನ ಹೆಸರೇ ಅತ್ತಿಕುಪ್ಪೆ. ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹೆಸರುವಾಸಿ. ಹಲಸೂ ಇದೇ ಮನೆತನದ್ದು.

ಅಮ್ಮ ಕಿತ್ತೆಸೆಯಲು ಹೊರಟಾಗ ತಡೆದವರು ನಾಗಮಂಗಲದ ಕಡೆಯಿಂದ ಬಂದಿದ್ದ ನನ್ನ ಸೋದರತ್ತೆ. "ಇದು ನಮ್ಮ ರೇಷ್ಮೆ ಸೊಪ್ಪಿನಂಗೂ ಅದೆ, ಇಲ್ದಂಗೂ ಅದೆ. ಹುಳಕ್ ಹಾಕ್ ನೋಡ್ಲಾ, ಅವೇ ಹೇಳ್ತವೆ" ಅಂದರು.

ಒದ್ದೆ ಬಟ್ಟೆಯಲ್ಲಿ ಆರೇಳು ಎಲೆ ಸುತ್ತಿಕೊಂಡು ಅವರ ಊರಿಗೆ ಹೋದೆ. ರೋಗದ ಭಯಕ್ಕೆ ಹೊರಗಿನ ಸೊಪ್ಪನ್ನು ಹುಳುಮನೆಯೊಳಗೆ ಬಿಡಲಿಲ್ಲ. ನಾಲ್ಕು ಹುಳುಗಳನ್ನು ಬೇರೆ ಮೊರಕ್ಕೆ ಹಾಕಿ ಹೊರಗೆ ತಂದುಕೊಟ್ಟರು. ತುಸು ಹೊತ್ತಿಗೆ ಎಲೆಯ ಅಂಚು ಸವೆಯತೊಡಗಿತು. ಹಿಪ್ಪುನೇರಳೆ!

ರೇಷ್ಮೆ ಸಾಕಿಯೇ ಬದುಕಿದ ಅತ್ತೆಗೆ ಇದರ ಗುರುತು ಸಿಗದಿದ್ದದ್ದು ಅಚ್ಚರಿಯಲ್ಲ. ತೋಟಕ್ಕೆ ಯಾರೂ ಬೀಜ ಹಾಕುವುದಿಲ್ಲ, ಕಡ್ಡಿ ನೆಡುತ್ತಾರೆ. ಈಗಿನ ವಿ-1 ತಳಿಯದು ಸೀಳಿಲ್ಲದ ದಪ್ಪ ಎಲೆ. ಹಿಪ್ಪುನೇರಳೆಯ ಬಾಲ್ಯವನ್ನೇ ನಾವು ಮರೆತಿದ್ದೇವೆ.

ಈ ಬೆಳೆಯ ಬಾಲ್ಯವಾದರೂ ದಾಖಲೆಯಲ್ಲಿದೆ. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಟಿಪ್ಪುವಿನ ಪತ್ರಗಳಲ್ಲಿ ಒಂದು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದದ್ದು. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋದ ಬಹಾವುದ್ದೀನ್ ಮತ್ತು ಕಸ್ತೂರಿ ರಂಗ ಹಿಂದಿರುಗುತ್ತಿದ್ದಾರೆ; ಹುಳುಗಳನ್ನು ಎಂಥ ಜಾಗದಲ್ಲಿಡಬೇಕು, ಹೇಗೆ ಹೆಚ್ಚಿಸಬೇಕು ಎಂದು ಅವರಿಂದ ತಿಳಿದುಕೋ, ತಂದ ಹುಳುಗಳ ಲೆಕ್ಕ ಕಳಿಸು, ಮೊದಲೇ ನೆಡಿಸಿರುವ ಹಿಪ್ಪುನೇರಳೆಯ ಸೊಪ್ಪು ಹಾಕಿಸು ಎಂಬ ಆಜ್ಞೆ ಅದು. 'ಟಿಪ್ಪು ರೇಷ್ಮೆ ತಂದ' ಎಂದು ಪಾಠಪುಸ್ತಕ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ನನಗೆ ಹಿಡಿಸಿದ್ದು ಆ ಪತ್ರದ ತುಂಬ ಇರುವ ಪ್ರಶ್ನೆಗಳು. ಹೊಸ ಜೀವವೊಂದು ಮನೆಗೆ ಬಂದಾಗ ಸುಲ್ತಾನನೂ ನನ್ನ ಹಾಗೆ ತಿಳಿದವರನ್ನು ಕೇಳಬೇಕಾಯಿತು.

ಬೀಜಗಳ ಹಂಬಲವೂ ಅವನಿಗಿತ್ತು. 1788ರಲ್ಲಿ ಪ್ಯಾರಿಸ್ಸಿಗೆ ಹೋದ ಅವನ ರಾಯಭಾರಿಗಳು ಹದಿನಾರನೇ ಲೂಯಿಯಿಂದ ಸೈನ್ಯದ ನೆರವಷ್ಟೇ ಅಲ್ಲ, ಗಿಡ, ಬೀಜ, ತೋಟಗಾರರನ್ನೂ ಬೇಡಿದರು. ಅವನ ಫ್ರೆಂಚ್ ಪಡೆ ಬೀಡುಬಿಟ್ಟಿದ್ದಕ್ಕೇ ನಮ್ಮ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಅಂಟಿಕೊಂಡಿತ್ತು.

ವಿಷಯ ತಿಳಿದ ಗೆಳೆಯನೊಬ್ಬ ಇದಕ್ಕೆ 'ಟಿಪ್ಪು ಗಿಡ' ಎಂದು ಹೆಸರಿಟ್ಟ. ಅದು ಸಲ್ಲದು. ಕಡ್ಡಿಯಿಂದ ಬಂದದ್ದು ತಾಯಿಯ ನಕಲು. ಬೀಜದಿಂದ ಬಂದದ್ದು ಬೆರಕೆ. ಎಲೆಯ ಸೀಳು ನೋಡಿ ಹಳೆಯ ನಾಟಿ ತಳಿ ಎನ್ನಲೂ ಆಗದು, ಎಳೆಯ ಗಿಡಗಳಲ್ಲಿ ಸೀಳು ಸಾಮಾನ್ಯ. ಬದುವಿನಲ್ಲಿ ಕತ್ತರಿಸದೆ ಬಿಟ್ಟ ಯಾವುದೋ ಮರದ ಹಣ್ಣು ತಿಂದ ಪಿಕಳಾರ ಒಗೆಯುವ ಕಲ್ಲಿನ ಮೇಲೆ ಕೂತು ಹೋಗಿರಬೇಕು, ಅಷ್ಟೆ.

ಗಿಡ ಈಗ ಸೊಂಟದೆತ್ತರ ಇದೆ. ಕಲ್ಲನ್ನು ಎರಡು ಅಡಿ ಆಚೆ ಸರಿಸಿದ್ದೇವೆ. ಹಣ್ಣು ಬಿಟ್ಟರೆ ಬಟ್ಟೆಯೆಲ್ಲ ಕಲೆ ಎಂದು ಅಮ್ಮನ ತಕರಾರು ಇನ್ನೂ ನಿಂತಿಲ್ಲ.