ಮಗುವಿನ ಪೂರಕ ಆಹಾರ: ತಾಯಿಯ ನಿರ್ಧಾರದ ಹಿಂದೆ ಏನೆಲ್ಲ ಇದೆ?

ಮಗುವಿಗೆ 6 ತಿಂಗಳು ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ಎದೆಹಾಲನ್ನು 2 ವರ್ಷದವರೆಗೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿಸುತ್ತಲೇ ಪೌಷ್ಟಿಕ ಪೂರಕ ಆಹಾರ ಕೊಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳ ಪೈಕಿ ಸಮರ್ಪಕ ಆಹಾರ ಸಿಗುತ್ತಿರುವುದು ಶೇ. 11ರಷ್ಟು ಮಕ್ಕಳಿಗೆ ಮಾತ್ರ. ಇದಕ್ಕೆ ತಾಯಿಗೆ ತಿಳಿವಳಿಕೆ ಇಲ್ಲದಿರುವುದೊಂದೇ ಕಾರಣವಲ್ಲ. ಆಕೆಯ ಮೇಲೆ ಪ್ರಭಾವ ಬೀರುವ ಮುಖ್ಯ ಅಂಶಗಳು ಇಲ್ಲಿವೆ.

ಮನೆ ಹಿರಿಯರ ಮಾತು
ಎಷ್ಟೋ ಮನೆಗಳಲ್ಲಿ ಮಗುವಿನ ಊಟ ತೀರ್ಮಾನಿಸುವುದು ಅಜ್ಜಿ. ರಾಗಿ ಸರಿಯ ಹದ ಕಲಿಸುವವರೂ ಅವರೇ, ‘ಬಾಳೆಹಣ್ಣು ಶೀತ, ಮೊಟ್ಟೆ ಉಷ್ಣ’ ಎಂದು ತಡೆಯುವವರೂ ಅವರೇ. ಹೀಗಾಗಿ ವೈದ್ಯರ ಸಲಹೆ ಅಜ್ಜಿಗೂ, ತಂದೆಗೂ ತಲುಪಬೇಕು.

ಸಮಯದ ಅಭಾವ
ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆ 26 ವಾರ. ಅಂದರೆ ಪೂರಕ ಆಹಾರ ಶುರುವಾಗುವ ಹೊತ್ತಿಗೇ ರಜೆ ಮುಗಿದಿರುತ್ತದೆ. 9 ತಿಂಗಳ ನಂತರ ಮಗುವಿಗೆ ದಿನಕ್ಕೆ 3-4 ಬಾರಿ ಉಣಿಸಬೇಕು. 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ 4 ಬಾರಿ ಅಲ್ಲಿಗೆ ಹೋಗಿಬರಬಹುದು ಎನ್ನುತ್ತದೆ ಕಾನೂನು. ಮನೆಗೆಲಸ, ಕೂಲಿ ಮಾಡುವ ತಾಯಂದಿರಿಗೆ ಈ ಅನುಕೂಲ ಸಿಗುವುದು ಕಷ್ಟ.

ತೆಳು ಗಂಜಿಯ ನಂಬಿಕೆ
ಜೀರ್ಣವಾಗದೆಂಬ ಭಯಕ್ಕೆ ಬೇಳೆಕಟ್ಟು, ಗಂಜಿತಿಳಿ ಕೊಡುವವರಿದ್ದಾರೆ. ಇದರಿಂದ ಪುಟ್ಟ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗದು. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿಯಿರಲಿ. ಧಾನ್ಯದ ಜೊತೆ ಬೇಳೆ, ಸೊಪ್ಪು, ತರಕಾರಿ, ಹಣ್ಣು, ಮೊಸರು, ಮೊಟ್ಟೆ ಬದಲಿಸಿ ಕೊಡಿ. ಒಂದು ವರ್ಷದೊಳಗೆ ಜೇನುತುಪ್ಪ ಬೇಡ.

ಖರ್ಚು ಮತ್ತು ಮಾರುಕಟ್ಟೆ
ಹಣ್ಣು, ಮೊಟ್ಟೆ ತುಟ್ಟಿಯಾದಾಗ ಬಿಸ್ಕತ್ತು ಸುಲಭವಾಗಿ ಕೈಗೆ ಸಿಗುತ್ತದೆ. ಆದರೆ ಅದು ಊಟಕ್ಕೆ ಬದಲಿಯಲ್ಲ. 2 ವರ್ಷದೊಳಗಿನ ಮಕ್ಕಳ ಸಿದ್ಧ ಆಹಾರದ ಜಾಹೀರಾತನ್ನು ದೇಶದಲ್ಲಿ ಕಾನೂನೇ ನಿಷೇಧಿಸಿದೆ. 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಅಂಗನವಾಡಿಗಳು ಮನೆಗೆ ಒಯ್ಯುವ ಪಡಿತರ ಉಚಿತವಾಗಿ ನೀಡುತ್ತವೆ.

ಊರು ಬಿಟ್ಟವರಿಗೆ
ಹೊರರಾಜ್ಯದಲ್ಲಿರುವ ಕನ್ನಡಿಗ ತಾಯಂದಿರಿಗೆ ಅಜ್ಜಿಯ ನೆರವು ಫೋನಿನಲ್ಲಷ್ಟೇ. ರಾಗಿ ಮಾತ್ರ ಎಲ್ಲೆಡೆ ಸಿಗುತ್ತದೆ: ಮುಂಬೈ, ಪುಣೆಯಲ್ಲಿ ‘ನಾಚಣಿ’, ಚೆನ್ನೈನಲ್ಲಿ ‘ಕೇಳ್ವರಗು’, ಹೈದರಾಬಾದ್‌ನಲ್ಲಿ ‘ರಾಗುಲು’ ಎಂದು ಕೇಳಿ. ಸಮೀಪದ ಅಂಗನವಾಡಿಯಲ್ಲಿ ಮಗುವಿನ ಹೆಸರು ನೋಂದಾಯಿಸಿ. ಮುಖ್ಯವಾಗಿ, ದಿನದಲ್ಲಿ ಒಂದು ಹೊತ್ತಾದರೂ ಮಗುವಿಗೆ ಉಣಿಸುವ ಕೆಲಸ ಅಪ್ಪನದಾಗಲಿ.