ಕೇಳುವುದು ಸುಲಭ

ಮನೆಯಲ್ಲಿ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಾಗಿದ್ದ ಕಾಲವೊಂದಿತ್ತು ಎಂದರೆ ನಮ್ಮ ಶಾಲೆಯ ಮಕ್ಕಳು ನಂಬುವುದಿಲ್ಲ. ಹೋಳೂರಿನ ನಮ್ಮ ಮನೆಯಲ್ಲಿ ಅದಕ್ಕೊಂದು ಪುಟ್ಟ ಪುಸ್ತಕವಿತ್ತು. ಅಪ್ಪ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. 1980ರ ದಶಕದಲ್ಲಿ ಸರ್ಕಾರ ಆ ಪದ್ಧತಿಯನ್ನು ಕೈಬಿಟ್ಟಿತು. ಅಲ್ಲಿಯವರೆಗೆ, ನಂತರವೂ ಕೂಡ, ನಮ್ಮಂಥ ಮನೆಗಳ ಹೆಂಗಸರಿಗೂ ರೇಡಿಯೋಗೂ ಇದ್ದ ಸಂಬಂಧ ಒಂದೇ: ಅದು ಹೇಳುವುದು, ನಾವು ಕೇಳುವುದು. ಮುದ್ದೆ ತಿರುವುತ್ತ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತ ಕೇಳಿದೆವು. ಅತ್ತ ಕಡೆಯಿಂದ ಮಾತನ್ನು ಕಳುಹಿಸುವವರು ಯಾರು, ಹೇಗೆ ಕಳುಹಿಸುತ್ತಾರೆ ಎಂದು ಯೋಚಿಸಿದವರು ಕಡಿಮೆ.

ನಮ್ಮ ನಾಡಿನಲ್ಲಿ ಹಾಗೆ ಕಳುಹಿಸಲು ಹೊರಟವರು ಎಂ. ವಿ. ಗೋಪಾಲಸ್ವಾಮಿಯವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಎಂಜಿನಿಯರ್ ಅಲ್ಲ. 1935ರ ಸೆಪ್ಟೆಂಬರ್‌ನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ 30 ವಾಟ್, ನಮ್ಮ ಹಜಾರದ ಹಳೆಯ ಬಲ್ಬಿಗಿಂತ ಕಡಿಮೆ! ಅದರ ದನಿ ಹೆಚ್ಚು ದೂರ ಹೋಗದಾಗ 250 ವಾಟ್‌ನ ಯಂತ್ರವನ್ನು ತರಿಸಿದರು. ಸಂಗೀತ, ಭಾಷಣ, ನಾಟಕ ಎಲ್ಲ ನಡೆಯಿತು. 1940ರ ದಶಕದ ಮೊದಲಿಗೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರಲ್ಲಿ ಬೆಂಗಳೂರಿನಲ್ಲಿ ನಿಲಯ ಬಂತು. 'ಆಕಾಶವಾಣಿ' ಎಂಬ ಮೈಸೂರಿನ ಹೆಸರು ಇಡೀ ದೇಶದ ರೇಡಿಯೋಗೇ ಹೆಸರಾಯಿತು.

ಈ ಕಥೆಯಲ್ಲಿ ನನಗೆ ಅಚ್ಚರಿಯೆನಿಸುವುದು ಹೆಸರಿನ ವಿಷಯವಲ್ಲ. ಮಾತು ಕಳುಹಿಸುವವನಿಗೆ ತನ್ನ ಮಾತು ಹೋಗಿ ಸೇರಿತೋ ಇಲ್ಲವೋ ತಾನಾಗಿ ತಿಳಿಯುವುದಿಲ್ಲ. ಯಂತ್ರದ ವಾಲ್ವುಗಳು ಕೆಂಪಗೆ ಉರಿಯುತ್ತಿರಬಹುದು, ಮುಳ್ಳು ಓಲಾಡುತ್ತಿರಬಹುದು. ಆದರೂ ಎಲ್ಲೋ ಕುಳಿತು ಕೇಳಿದವರೊಬ್ಬರು 'ಕೇಳಿಸಿತು' ಎಂದು ಹೇಳಿ ಕಳುಹಿಸಬೇಕು.

ಅದಕ್ಕಿಂತ ಮೊದಲು ಕಳುಹಿಸಲು ಬಿಡಬೇಕಲ್ಲ! ಹವ್ಯಾಸಕ್ಕಾಗಿ ಸ್ವಂತ ರೇಡಿಯೋದಲ್ಲಿ ಪರಸ್ಪರ ಮಾತಾಡಿಕೊಳ್ಳುವವರನ್ನು 'ಹ್ಯಾಮ್'ಗಳು ಎನ್ನುತ್ತಾರೆ. 1920ರ ದಶಕದಿಂದಲೇ ನಮ್ಮ ದೇಶದಲ್ಲಿ ಅಂಥವರಿದ್ದರು. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷರು ಅವರ ಲೈಸೆನ್ಸುಗಳನ್ನು ರದ್ದು ಮಾಡಿ, ಯಂತ್ರಗಳನ್ನು ಒಪ್ಪಿಸುವಂತೆ ಆಜ್ಞೆ ಮಾಡಿದರು. ಕೇಳುವ ಪೆಟ್ಟಿಗೆಗಿಂತ ಹೇಳುವ ಪೆಟ್ಟಿಗೆಯ ಭಯವೇ ಸರ್ಕಾರಕ್ಕೆ ಹೆಚ್ಚು. ಆ ಭಯಕ್ಕೆ ಕಾರಣವೂ ಇತ್ತೆನ್ನಿ. 1942ರ ಚಳವಳಿಯಲ್ಲಿ ಮುಂಬಯಿಯ ಉಷಾ ಮೆಹ್ತಾ, ಆಗ ಇಪ್ಪತ್ತೆರಡು ವರ್ಷದ ಹುಡುಗಿ, ಸಂಗಡಿಗರೊಡನೆ ರಹಸ್ಯವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಪೊಲೀಸರು ಅಲೆಯ ಜಾಡು ಹಿಡಿದು ಬರುವ ಮೊದಲೇ ಯಂತ್ರವನ್ನು ಕಟ್ಟಿಕೊಂಡು ಬೇರೆ ಮನೆಗೆ ಹೋಗಬೇಕು. ಅಲ್ಲಿ ಮತ್ತೆ ತಂತಿ ಎಳೆಯಬೇಕು, ಮತ್ತೆ ಎಲ್ಲ ಸರಿಮಾಡಬೇಕು. ಯಂತ್ರ ಬಲ್ಲ ಒಬ್ಬನೇ ಕೊನೆಗೆ ಸುಳಿವು ಕೊಟ್ಟ. ನವೆಂಬರ್ 12ರಂದು ಪೊಲೀಸರು ಬಾಗಿಲು ಒಡೆದರು. ನಾಲ್ಕು ವರ್ಷದ ಸೆರೆಮನೆಯ ಶಿಕ್ಷೆಯಾಯಿತು.

ಈ ಚರಿತ್ರೆಯನ್ನೆಲ್ಲ ನಾನು ಹುಡುಕಿ ಓದತೊಡಗಿದ್ದು ನನ್ನ ತಂಗಿಯ ಮಗಳಿಂದಾಗಿ. ಎಂಜಿನಿಯರಿಂಗ್ ಓದಿದ ಹುಡುಗಿ, ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್ ಪಡೆದಳು. ನಮ್ಮ ಮಾಳಿಗೆಯ ಮೇಲೆ ಅರವತ್ತಾರು ಅಡಿ ತಂತಿಯನ್ನು ನಡುವೆ ಕತ್ತರಿಸಿ, ಎರಡು ರೆಕ್ಕೆಯಂತೆ ಎಳೆದು ಕಟ್ಟಿದಳು. ಏಳು ಮೆಗಾಹರ್ಟ್ಸ್ ಅಲೆಗೆ ಅಷ್ಟು ಉದ್ದ ಬೇಕಂತೆ. ಅವಳ ರೇಡಿಯೋ ಹಳೆಯ ಕಾಲದ್ದಲ್ಲ. ಅಪ್ಪನ ರೇಡಿಯೋದಲ್ಲಿ ಸುರುಳಿ, ಕಂಡೆನ್ಸರ್‌ಗಳು ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಸಾಫ್ಟ್‌ವೇರ್ ಮಾಡುತ್ತದೆ. ಗಾಳಿಯಲ್ಲಿ ಬಂದ ಅಲೆ ಮೊದಲು ಅಂಕಿಗಳಾಗುತ್ತದೆ. ನಮಗೆ ಬೇಕಾದ ದನಿಯನ್ನು ಕಂಪ್ಯೂಟರು ಆ ಅಂಕಿಗಳಿಂದ ಜರಡಿ ಹಿಡಿದು ಕೊಡುತ್ತದೆ. ಮೊದಲ ಸಂಜೆಯೇ ಹುಬ್ಬಳ್ಳಿಯವರು, ಕೊಯಮತ್ತೂರಿನವರು ಪಕ್ಕದ ಮನೆಯವರಂತೆ ಕೇಳಿಸಿದರು. ಇವಳು ಕೂಗಿದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ.

ಕಾರಣ ಒಂದಲ್ಲ. ಮೊದಲನೆಯದು ಸಣ್ಣದು: ಸಾಫ್ಟ್‌ವೇರ್ ಮೈಕಿನ ಬದಲು ಕಂಪ್ಯೂಟರಿನ ಒಳಗಿನ ದಾರಿಯಲ್ಲಿ ಮಾತಿಗೆ ಕಾಯುತ್ತ ಕುಳಿತಿತ್ತು. ಈ ಬಗೆಯ ಪ್ರಸಾರದಲ್ಲಿ ಮಾತು ಬರದಿದ್ದರೆ ಅಲೆಯೂ ಹೊರಡುವುದಿಲ್ಲ. ಅದನ್ನು ಸರಿಪಡಿಸಿದ ಮೇಲೆ ಹೊಸ ತೊಂದರೆ. ಮಾತು ಶುರು ಮಾಡಿದ ಕೂಡಲೇ ರೇಡಿಯೋ ಆರಿಹೋಗುವುದು. ವೋಲ್ಟೇಜು ಇಳಿದ ಸಂಜೆ ಮಿಕ್ಸಿ ಹಾಕಿದರೆ ದೀಪ ಮಂಕಾಗುವುದನ್ನು ಕಂಡ ಯಾರಿಗಾದರೂ ಇದು ಅರ್ಥವಾಗುತ್ತದೆ. ಕೇಳುವಾಗ ಆ ಯಂತ್ರ ಒಂದೆರಡು ಆಂಪಿಯರ್ ಕರೆಂಟು ಕುಡಿದರೆ, ನೂರು ವಾಟ್‌ನಲ್ಲಿ ಮಾತಾಡುವಾಗ ಇಪ್ಪತ್ತರ ಹತ್ತಿರ ಬೇಡುತ್ತದೆ. ಕೆಳಗಿನ ಕೋಣೆಯಿಂದ ಮಾಳಿಗೆಗೆ ಅವಳು ಎಳೆದಿದ್ದ ಹನ್ನೆರಡು ವೋಲ್ಟಿನ ತಂತಿ ತೆಳ್ಳಗಿನದು. ಅಷ್ಟು ಕರೆಂಟು ಹರಿಯುವಷ್ಟರಲ್ಲಿ ದಾರಿಯಲ್ಲೇ ವೋಲ್ಟೇಜು ಸೋರಿಹೋಗುತ್ತಿತ್ತು. ದಪ್ಪ ತಂತಿ ಬಂತು, ಗಿಡ್ಡದಾಗಿ.

ಆಮೇಲೆ ಕಂಪ್ಯೂಟರಿಗೆ ಹುಚ್ಚು ಹಿಡಿಯಿತು. ಇವಳು ಮಾತಾಡಿದರೆ ಪರದೆಯ ಮೇಲಿನ ಬಾಣ ತಾನೇ ಓಡಾಡಿ ಎಲ್ಲ ನಿಂತುಬಿಡುವುದು. ಆಗ ಅವಳು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಆಂಟೆನಾದ ತಂತಿಯನ್ನು ಬಿಚ್ಚಿ, ಅದರ ಜಾಗದಲ್ಲಿ 'ಡಮ್ಮಿ ಲೋಡ್' ಎಂಬ ಸಣ್ಣ ಡಬ್ಬಿ ಸಿಕ್ಕಿಸಿದಳು. ಐವತ್ತು ಓಮ್‌ನ ರೆಸಿಸ್ಟರ್ ಅದು. ಶಕ್ತಿಯನ್ನೆಲ್ಲ ನುಂಗಿ ಬಿಸಿಯಾಗುತ್ತದೆ, ಅಲೆಯನ್ನು ಹೊರಗೆ ಬಿಡುವುದಿಲ್ಲ. ಅದನ್ನು ಸಿಕ್ಕಿಸಿದಾಗ ಕಂಪ್ಯೂಟರು ಸುಮ್ಮನಿತ್ತು. "ಅಂದ್ರೆ ಪೆಟ್ಟಿಗೆ ಚೆನ್ನಾಗಿದೆ ದೊಡ್ಡಮ್ಮ, ತೊಂದರೆ ಇರೋದು ಹೊರಗೆ" ಎಂದಳು. ಹೊರಹೋದ ಅಲೆ ಯುಎಸ್‌ಬಿ ತಂತಿಯ ಮೂಲಕ ಮನೆಗೇ ವಾಪಸು ನುಗ್ಗುತ್ತಿತ್ತಂತೆ. ಆ ತಂತಿಯನ್ನು ಫೆರೈಟ್ ಬಳೆಯೊಂದಕ್ಕೆ ಏಳೆಂಟು ಸುತ್ತು ಸುತ್ತಿದ ಮೇಲೆ ಕಾಟ ನಿಂತಿತು.

ನಮ್ಮ ಅಮ್ಮನಿಗೆ ಇದೆಲ್ಲ ಅತಿಯೆನಿಸಿತ್ತು. "ಕೇಳೋಕೆ ಚೆನ್ನಾಗಿ ಬರ್ತಾ ಐತಲ್ಲ, ಮಾತಾಡ್ಲೇಬೇಕಾ?" ಎಂದರು. ಹುಡುಗಿಗೆ ಗಂಡು ನೋಡುತ್ತಿದ್ದ ದಿನಗಳು ಅವು. ಮಾಳಿಗೆ ಮೇಲೆ ರಾತ್ರಿಯಲ್ಲಿ ಗುರುತಿಲ್ಲದವರನ್ನು ಕೂಗುತ್ತಾಳೆಂದು ಬೀದಿಯಲ್ಲೂ ಒಂದೆರಡು ಮಾತು ಬಂದಿತ್ತು. ತಂಗಿ ಪೆಟ್ಟಿಗೆಯನ್ನು ಮಾರಿಬಿಡು ಎಂದಳು. ಹುಡುಗಿ ಉತ್ತರ ಕೊಡಲಿಲ್ಲ, ನಾನು ಕೊಟ್ಟೆ. ಪರೀಕ್ಷೆ ಬರೆದು ಪಡೆದ ಲೈಸೆನ್ಸು ಮಾತಾಡುವುದಕ್ಕೇ ತಾನೆ, ಕೇಳುವುದಕ್ಕಲ್ಲವಲ್ಲ ಎಂದೆ. ನಮ್ಮ ತಂಗಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಇಷ್ಟಾದರೂ ಒಂದು ಸಂಜೆ ಹೋದ ದನಿ ಇನ್ನೊಂದು ಸಂಜೆ ಹೋಗದು. ಆಂಟೆನಾ ಒಲ್ಲದ ಶಕ್ತಿ ಹಿಂದಕ್ಕೆ ಬರುತ್ತಿದೆ, ಅದಕ್ಕೇ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಬಲ ಕುಗ್ಗಿಸುತ್ತಿದೆ ಎಂದು ಮೀಟರು ತೋರಿಸಿತು. ಮೇಲೆ ಹೋಗಿ ನೋಡಿದರೆ ತಂತಿಯ ಒಂದು ರೆಕ್ಕೆಯ ಮೇಲೆ ಅಮ್ಮನ ಒದ್ದೆ ಸೀರೆ ಹರಡಿತ್ತು. ನೀರು ಕುಡಿದ ಬಟ್ಟೆಯ ಭಾರಕ್ಕೆ ತಂತಿ ಜೋಲು ಬಿದ್ದು ಅದರ ಹೊಂದಿಕೆಯೇ ಕೆಟ್ಟಿತ್ತು. ಪ್ರಸಾರ ನಡೆಯುವಾಗ ಆ ತಂತಿಯ ತುದಿ ಮುಟ್ಟಿದರೆ ಕೈ ಸುಡುತ್ತದೆ ಎಂದು ಹುಡುಗಿ ಅಜ್ಜಿಯ ಮೇಲೆ ಮೊದಲ ಸಲ ರೇಗಿದಳು. ಸೀರೆ ತೆಗೆದ ಸಂಜೆ ಹುಬ್ಬಳ್ಳಿಯಿಂದ ಉತ್ತರ ಬಂತು. ಅವರು ಹೇಳಿದ್ದು ಹೆಚ್ಚೇನಿಲ್ಲ, ದನಿ ಎಷ್ಟು ಸ್ಪಷ್ಟ, ಎಷ್ಟು ಬಲ ಎಂಬ ಎರಡು ಅಂಕಿ. ಹುಡುಗಿ ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಕೈ ನಡುಗುತ್ತಿತ್ತು.

ಆ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ 'ವಿಯು 4 ಆರ್‌ಬಿಐ' ಎಂದು ಬರೆದಿದೆ. ಭಾರತಿ ಪ್ರಸಾದ್ ಎಂಬ ಹ್ಯಾಮ್ ಅಂಡಮಾನಿನಲ್ಲಿ ಬಳಸಿದ ಕರೆಹೆಸರು ಅದು. ವರ್ಷಾನುಗಟ್ಟಲೆ ಪ್ರಯತ್ನಿಸಿ ಅಲ್ಲಿಂದ ಪ್ರಸಾರ ಮಾಡಲು ಅನುಮತಿ ಪಡೆದ ಆಕೆ, ಪ್ರಪಂಚದ ಹವ್ಯಾಸಿಗಳೊಡನೆ ಮಾತಾಡಲೆಂದು 2004ರ ಡಿಸೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. 26ರ ಬೆಳಿಗ್ಗೆ ಭೂಮಿ ನಡುಗಿತು, ಸಮುದ್ರ ಮೇಲೆ ಬಂತು, ದ್ವೀಪಗಳ ದೂರವಾಣಿ ಕಡಿದುಹೋಯಿತು. ಹವ್ಯಾಸಕ್ಕೆ ತಂದಿದ್ದ ಯಂತ್ರದಿಂದಲೇ ಆಕೆ ಮತ್ತು ಜೊತೆಯವರು ಯಾರು ಬದುಕಿದ್ದಾರೆ, ಎಲ್ಲಿದ್ದಾರೆ ಎಂಬ ಸುದ್ದಿಯನ್ನು ಹೊರಗಿನ ಊರುಗಳಿಗೆ ಮುಟ್ಟಿಸತೊಡಗಿದರು. ಇದನ್ನು ನಾನು ಅಮ್ಮನಿಗೆ ಒಂದು ಮಧ್ಯಾಹ್ನ ಓದಿ ಹೇಳಿದೆ. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹೆಂಗಸಿನ ತಾಯಿಗೆ ಮಗಳ ದನಿ ಕೇಳಿಸಿತ್ತೋ ಇಲ್ಲವೋ ಎಂದು ವಿಚಾರಿಸಿದರು. ಮಾರನೆಯ ದಿನ ಬಟ್ಟೆಗೆಂದು ಬೇರೆ ನೈಲಾನ್ ಹಗ್ಗ ತರಿಸಿ, ಮಾಳಿಗೆಯ ಇನ್ನೊಂದು ಬದಿಗೆ ಕಟ್ಟಿಸಿಕೊಂಡರು.