ಒಂಬತ್ತು ಸಾವಿರದ ಕಂಪ್ಯೂಟರ್

ಎಸ್.ಪಿ. ರಸ್ತೆಯ ನನ್ನ ರಿಪೇರಿ ಅಂಗಡಿಗೆ ಬರುವವರು ಈಗ ಪದೇ ಪದೇ ಕೇಳುತ್ತಾರೆ: "ಅಣ್ಣಾ, ಪರದೆ ಹಿಂದಕ್ಕೆ ಮಡಚಿದರೆ ಟ್ಯಾಬ್ ಆಗಬೇಕು, ರೇಟೂ ಕಮ್ಮಿ ಇರಬೇಕು. ಯಾವುದು ತಗೊಳ್ಳಲಿ?" ನಾನು ಮೊದಲು ನೋಡುವುದು ಕೀಲನ್ನು. ಅಗ್ಗದ ಮಾದರಿಗಳಲ್ಲಿ ಕೀಲಿನ ಸ್ಕ್ರೂ ಹಿಡಿದುಕೊಳ್ಳುವುದು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಸಣ್ಣ ಹಿತ್ತಾಳೆ ಬಿಲ್ಲೆಯನ್ನು. ಕೀಲು ಬಿಗಿಯಾಯಿತೆಂದರೆ, ಮಡಚಿ ಬಿಡಿಸುವಾಗ ಬಿಲ್ಲೆಯೇ ಕಿತ್ತು ಬರುತ್ತದೆ. ದಿನಬಳಕೆಗೆ ಬಾಳದ್ದು ಎಷ್ಟು ಅಗ್ಗವಾದರೂ ದುಬಾರಿಯೇ.

ಬಡವರಿಗೂ ದಕ್ಕುವ ಕಂಪ್ಯೂಟರ್ ಹೇಗಿರಬೇಕೆಂದು ಇದೇ ಬೆಂಗಳೂರಿನಲ್ಲಿ ಆಳವಾಗಿ ಯೋಚಿಸಿದವರಿದ್ದರು. ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ) ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಅವರ ಜೊತೆಗೆ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಸಿಂಪ್ಯೂಟರಿನ ಮಾದರಿ ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಯಂತ್ರ, ಮುಟ್ಟಿದರೆ ಸ್ಪಂದಿಸುವ ಪರದೆ, ಒಳಗೆ ಲಿನಕ್ಸ್. ಮೂರು ಪುಟ್ಟ ಸೆಲ್ಲುಗಳಲ್ಲಿ ನಡೆಯುತ್ತಿತ್ತು. ಓದು ಬಾರದವರಿಗೆ ಕನ್ನಡ, ಹಿಂದಿ, ತಮಿಳಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕೆಂಬುದೂ ಯೋಜನೆಯಲ್ಲಿತ್ತು. ಗುರಿ ಇಟ್ಟ ಬೆಲೆ ಸುಮಾರು 9,000 ರೂಪಾಯಿ.

ನನಗೆ ಇಂದಿಗೂ ಅದರಲ್ಲಿ ಬಹಳ ಹಿಡಿಸುವುದು ಸ್ಮಾರ್ಟ್ ಕಾರ್ಡಿನ ಕಿಂಡಿ. ಕೂಲಿ ಮಾಡುವವರಿಗೆ ಒಂಬತ್ತು ಸಾವಿರವೂ ಹೊರೆಯೆಂದು ಅವರು ಬಲ್ಲರು. ಪಂಚಾಯಿತಿಯೋ ಶಾಲೆಯೋ ಒಂದು ಯಂತ್ರ ಕೊಂಡರೆ ಸಾಕು, ಊರಿನವರಿಗೆ ತಲೆಗೊಂದು ಕಾರ್ಡು. ಕಾರ್ಡು ತೂರಿಸಿದರೆ ಅವರವರ ಮಾಹಿತಿ ತೆರೆಯುತ್ತದೆ, ತೆಗೆದರೆ ಯಂತ್ರ ಮುಂದಿನವರ ಕೈಗೆ. ಎಂಥ ಸೊಗಸಾದ ಲೆಕ್ಕ!

ಸಿಂಪ್ಯೂಟರ್ ಮಾರಾಟಕ್ಕೆ ಬರುವಷ್ಟರಲ್ಲಿ 2004 ಆಯಿತು. ಬಿಇಎಲ್‌ನಲ್ಲಿ ತಯಾರಾದ 'ಅಮಿಡಾ' ಸಿಂಪ್ಯೂಟರಿನ ಕಪ್ಪುಬಿಳುಪಿನ ಮಾದರಿಗೇ ಹತ್ತು ಸಾವಿರದ ಹತ್ತಿರ. ಬಣ್ಣದ ಪರದೆ ಬೇಕೆಂದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಕೈಯಲ್ಲಿ ಅಲುಗಿಸಿದರೆ ಪುಟ ತಿರುಗಿಸುವ ಸೆನ್ಸರ್ ಅದರಲ್ಲಿತ್ತು, ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಆದರೆ ಬಿಡಿಭಾಗಗಳನ್ನು ಸ್ವಲ್ಪಸ್ವಲ್ಪವೇ ತರಿಸಿದರೆ ದರ ಇಳಿಯದು, ದರ ಇಳಿಯದೆ ಗಿರಾಕಿ ಬಾರರು. ಅಷ್ಟರಲ್ಲಿ ಮೊಬೈಲ್ ಫೋನುಗಳು ಅಗ್ಗವಾದವು. ಸರ್ಕಾರಗಳೇ ಶಾಲೆಗಳಿಗೆಂದು ಲಕ್ಷಗಟ್ಟಲೆ ಕೊಳ್ಳಬೇಕಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ.

2005ರಲ್ಲಿ ಎನ್‌ಕೋರ್, ಸಿಎಸ್‌ಐಆರ್ ನೆರವಿನಿಂದ 'ಮೊಬಿಲಿಸ್' ತಂದಿತು. 7.4 ಇಂಚಿನ ಮುಟ್ಟುಪರದೆ, ಮಡಚುವ ಕೀಬೋರ್ಡ್, ಆರು ಗಂಟೆ ಬಾಳುವ ಬ್ಯಾಟರಿ, ಬೆಲೆ ಹದಿನೈದು ಸಾವಿರದ ಆಸುಪಾಸು. ಟ್ಯಾಬ್ ಆಗಿಯೂ ಲ್ಯಾಪ್‌ಟಾಪ್ ಆಗಿಯೂ ದುಡಿಯುವ ಅಗ್ಗದ ಯಂತ್ರದ ಆಸೆ ಆಗಲೇ ಇಲ್ಲಿ ರೂಪ ಪಡೆದಿತ್ತು. ಅದಕ್ಕೂ ಸಿಗದೆ ಹೋದದ್ದು ದೊಡ್ಡ ಮಾರುಕಟ್ಟೆ.